ದುಡ್ಡು ತಗೊಂಡಿದ್ದರೆ ಅದನ್ನೂ ಹೇಳಿ

ಮಾನ್ಯ ಸಂಪಾದಕರೇ,

ನಮ್ಮ ಅತ್ತಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾರೆ. ಜೊತೆಗೆ ಹಲಸಿನ ಹಪ್ಪಳ, ಅಷ್ಟೆ. ದೊಡ್ಡ ವ್ಯಾಪಾರವೇನಲ್ಲ. ಕಳೆದ ಬೇಸಿಗೆಯಲ್ಲಿ ಒಬ್ಬ ಹುಡುಗ ವಿಡಿಯೋ ಮಾಡುತ್ತೇನೆ ಅಂತ ಕ್ಯಾಮೆರಾ ಹಿಡಿದು ಬಂದ. ಚುರುಕು ಮಾತಿನ ಹುಡುಗ. ಆಸರಿಗೆ ಮುರುಗಲು ಪಾನಕ ಕೊಟ್ಟೆವು, ಮಿಡಿ ರುಚಿ ನೋಡಿ ಆಹಾ ಅಂದ, ಆಮೇಲೆ ನಿಧಾನಕ್ಕೆ ರೇಟು ಹೇಳಿದ. ಒಂದು ರೀಲ್ಸ್‌ಗೆ ಹದಿನೈದು ಸಾವಿರ, ಯೂಟ್ಯೂಬಿಗಾದರೆ ಇನ್ನೂ ಜಾಸ್ತಿ. ಕೇಳಿದ್ದು ತಪ್ಪು ಅಂತ ನನಗೆ ಈಗಲೂ ಅನಿಸುವುದಿಲ್ಲ. ಅವನಿಗೂ ಪೆಟ್ರೋಲ್ ಖರ್ಚಿದೆ, ರಾತ್ರಿ ಕೂತು ಎಡಿಟ್ ಮಾಡಬೇಕು. ಆದರೆ "ನಾವು ದುಡ್ಡು ಕೊಟ್ಟಿದ್ದೇವೆ ಅಂತ ವಿಡಿಯೋದಲ್ಲಿ ಹೇಳ್ತೀರಾ?" ಅಂತ ಕೇಳಿದ್ದಕ್ಕೆ ನಕ್ಕುಬಿಟ್ಟ. "ಹಾಗೆ ಹೇಳಿದ್ರೆ ಯಾರು ನೋಡ್ತಾರೆ ಸರ್?"

ನಾವು ಕೊಡಲಿಲ್ಲ. ನಮ್ಮ ವಿಡಿಯೋ ಬರಲಿಲ್ಲ. ತಿಂಗಳ ನಂತರ ಅದೇ ಹುಡುಗ ಬೇರೆ ಯಾವುದೋ ಉಪ್ಪಿನಕಾಯಿ ಬಾಟಲಿ ಹಿಡಿದು, ಹಳ್ಳಿಹಳ್ಳಿ ಸುತ್ತಿ ನಾನೇ ಹುಡುಕಿದ್ದು ಅಂತ ಹೇಳುತ್ತಿದ್ದ. ಅವರು ದುಡ್ಡು ಕೊಟ್ಟಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ನೋಡುವವರಿಗೆ ಗೊತ್ತಾಗುವ ದಾರಿಯೇ ಇಲ್ಲವಲ್ಲ, ನನ್ನ ತಕರಾರು ಅದು.

ಇದಕ್ಕೆ ನಿಯಮ ಇಲ್ಲ ಅಂದುಕೊಂಡವರೇ ಜಾಸ್ತಿ. ಜಾಹೀರಾತು ಕಂಪನಿಗಳದ್ದೇ ಸಂಸ್ಥೆಯಾದ ಆಸ್ಕಿ 2021ರ ಜೂನ್ 14ರಿಂದಲೇ ನಿಯಮ ತಂದಿದೆ. ಎರಡು ನಿಮಿಷ ಮೀರಿದ ವಿಡಿಯೋ ಆದರೆ, ದುಡ್ಡು ಕೊಟ್ಟ ಕಂಪನಿಯ ಮಾತು ಬರುವ ಭಾಗ ಮುಗಿಯುವವರೆಗೂ ಇದು ಜಾಹೀರಾತು ಅನ್ನುವ ಗುರುತು ಪರದೆ ಮೇಲೆ ಇರಬೇಕು. ಕೇಂದ್ರದ ಗ್ರಾಹಕ ಇಲಾಖೆ 2023ರ ಜನವರಿಯಲ್ಲಿ ಮತ್ತೆ ಬಿಡಿಸಿ ಹೇಳಿತು. ದಾರಿ ತಪ್ಪಿಸುವ ಜಾಹೀರಾತಿನಲ್ಲಿ ಹೊಗಳಿದವರಿಗೆ ಮೊದಲ ಸಲ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕುವ ಅವಕಾಶ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿದೆ.

ಗ್ರಾಹಕ ಇಲಾಖೆಯ ಆ ಸೂಚನೆಯಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ನೇರವಾಗಿ ತಾಗುವ ಮಾತೊಂದಿದೆ. ದುಡ್ಡು ಮಾತ್ರ ಅಲ್ಲ, ಪುಕ್ಕಟೆ ಕೊಟ್ಟ ವಸ್ತು, ಪುಕ್ಕಟೆ ಪ್ರವಾಸ, ಪುಕ್ಕಟೆ ರೂಮು ಎಲ್ಲವನ್ನೂ ಹೇಳಲೇಬೇಕು. ದಾಂಡೇಲಿಯ ಹೋಮ್‌ಸ್ಟೇ, ಗೋಕರ್ಣದ ಬೀಚ್ ಪಕ್ಕದ ರೂಮು, ಮುರುಡೇಶ್ವರದಿಂದ ನೇತ್ರಾಣಿಗೆ ಸ್ಕೂಬಾ, ಇವುಗಳ ವಿಡಿಯೋ ದಿನಕ್ಕೆಷ್ಟು ಬರುತ್ತವೆ ನೋಡಿ. "ಒಂದು ರೂಪಾಯಿ ತಗೊಂಡಿಲ್ಲ" ಅಂತ ಆಣೆ ಹಾಕುವವರು ಎರಡು ರಾತ್ರಿ ಬಿಟ್ಟಿ ಉಳಿದು, ರಾಫ್ಟಿಂಗ್ ಮಾಡಿ, ಕೋಳಿ ತಿಂದು ಹೋಗಿರುತ್ತಾರೆ. ಅವರಿಗೆ ಮಾಲೀಕರೇ ಬಡಿಸುತ್ತಾರೆ, ಒಳ್ಳೆಯ ರೂಮೇ ಸಿಗುತ್ತದೆ. ಅದನ್ನು ನೋಡಿಕೊಂಡು ಹೋದ ನನ್ನ ತಮ್ಮನ ಸಂಸಾರಕ್ಕೆ ಸಿಕ್ಕಿದ್ದು ಸೋರುವ ಬಚ್ಚಲು, ಸಂಜೆಯ ನಂತರ ನೀರಿಲ್ಲ. ಹೋದದ್ದು ಮಳೆಗಾಲದಲ್ಲಿ, ಅದು ಬೇರೆ!

ಇನ್ನೊಂದು ಭಾಷೆಯ ವಿಷಯ. ಇಡೀ ವಿಡಿಯೋ ಕನ್ನಡದಲ್ಲಿ, ಅದೂ ನಮ್ಮ ಹವ್ಯಕ ಮಾತಿನಲ್ಲೇ ಇರುತ್ತದೆ. ದುಡ್ಡಿನ ಗುಟ್ಟು ಮಾತ್ರ ಇಂಗ್ಲಿಷ್‌ನಲ್ಲಿ, ಕೆಳಗೆಲ್ಲೋ ಹತ್ತು ಹ್ಯಾಶ್‌ಟ್ಯಾಗ್‌ಗಳ ಮಧ್ಯೆ 'ಕೊಲ್ಯಾಬ್' ಅಂತ, ಅಂದರೆ ಕಂಪನಿಯ ಜೊತೆ ಸೇರಿ ಮಾಡಿದ್ದು ಅಂತ. ಯಾವ ಭಾಷೆಯಲ್ಲಿ ಹೊಗಳುತ್ತೀರೋ ಅದೇ ಭಾಷೆಯಲ್ಲಿ ತಿಳಿಸಿ ಅಂತ ಸರ್ಕಾರದ ಸೂಚನೆಯೇ ಇದೆ. ನಮ್ಮ ಆಯಿಗೆ ಎಪ್ಪತ್ತು ದಾಟಿದೆ. ಮಧ್ಯಾಹ್ನ ಊಟವಾದ ಮೇಲೆ ಮೊಬೈಲ್ ಹಿಡಿದು ಕೂತರೆ ಯಾರೋ ಮಗಳಂಥ ಹುಡುಗಿ ಮಂಡಿನೋವಿನ ಎಣ್ಣೆ ಬಗ್ಗೆ ಹೇಳುತ್ತಾಳೆ, ಆಯಿ ತರಿಸಿಕೊಡು ಅಂತ ನನ್ನ ಬೆನ್ನು ಹತ್ತುತ್ತಾರೆ. ಆ ಹ್ಯಾಶ್‌ಟ್ಯಾಗ್ ಅವರಿಗೆ ಓದಲು ಬರುವುದಿಲ್ಲ. ಬಾಯಿಬಿಟ್ಟು "ಇದಕ್ಕೆ ಕಂಪನಿಯವರು ದುಡ್ಡು ಕೊಟ್ಟಿದ್ದಾರೆ" ಅಂದರೆ ಎಷ್ಟು ಹೊತ್ತಾಗುತ್ತದೆ?

ಕಡೆಗೆ ಪೆಟ್ಟು ಬೀಳುವುದು ಪ್ರಾಮಾಣಿಕರಿಗೆ. ನಮ್ಮ ಪರಿಚಯದ ಹುಡುಗನೊಬ್ಬ ಸ್ವಂತ ಬೈಕಿನಲ್ಲಿ ಯಾಣ, ವಿಭೂತಿ ಜಲಪಾತ ಅಂತ ಸುತ್ತುತ್ತಾನೆ, ಕಾರವಾರದಲ್ಲಿ ಮೀನೂಟ ಮಾಡಿ ತಾನೇ ಬಿಲ್ಲು ಕೊಡುತ್ತಾನೆ. ಅವನ ವಿಡಿಯೋ ಕೆಳಗೂ "ಎಷ್ಟು ಕೊಟ್ರು ಗುರು?" ಅಂತ ಬರೆಯುತ್ತಾರೆ. ಮೊನ್ನೆ ಹುಬ್ಬಳ್ಳಿಯ ಗಿರಾಕಿಯೊಬ್ಬರು ಅತ್ತಿಗೆಗೆ ಫೋನ್ ಮಾಡಿ, "ನಿಮ್ಮದು ವಿಡಿಯೋದಲ್ಲಿ ಬಂದಿಲ್ಲ ಅಲ್ವಾ? ಹಾಗಾದ್ರೆ ಎರಡು ಕೆಜಿ ಕಳಿಸಿ" ಅಂದರು. ಅತ್ತಿಗೆಗೆ ಖುಷಿ. ನನಗೆ ಯಾಕೋ ಪೂರ್ತಿ ಖುಷಿಯಾಗಲಿಲ್ಲ.

ಮೋಸ ಹೋದವರು ಸುಮ್ನೆ ಕೂರದೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಹಾಗೆಯೇ ಸಂಪಾದಕರೇ, ಬೇಜಾರಾಗಬೇಡಿ, ಪತ್ರಿಕೆಗಳೂ ಸುದ್ದಿಯ ಹಾಗೆ ಕಾಣುವ ಜಾಹೀರಾತಿನ ಮೇಲೆ 'ಜಾಹೀರಾತು' ಅನ್ನುವ ಪದವನ್ನು ಸ್ವಲ್ಪ ದೊಡ್ಡ ಅಕ್ಷರದಲ್ಲಿ ಹಾಕಿದರೆ ಒಳ್ಳೆಯದು. ನನ್ನ ಕನ್ನಡಕಕ್ಕೂ ಅದು ಕಾಣುವುದಿಲ್ಲ.

ನಾನೂ ಉಪ್ಪಿನಕಾಯಿ ಮಾರುವ ಮನೆಯವನೇ ಅಂತ ಮೊದಲೇ ಹೇಳಿದ್ದೇನೆ. ನಮ್ಮ ಉಪ್ಪಿನಕಾಯಿಯ ಹೆಸರು ಬೇಕಂತಲೇ ಬರೆದಿಲ್ಲ.

ಇಂತಿ,
ಶಿರಸಿಯ ಒಬ್ಬ ಓದುಗ