ಸದಸ್ಯರ ಗಮನಕ್ಕೆ: ಸೂಕ್ಷ್ಮ ಮನಸ್ಸಿನ ಗೆಳೆಯರೊಂದಿಗೆ ನಮ್ಮ ನಡವಳಿಕೆ

ಆತ್ಮೀಯ ಸದಸ್ಯರೇ,

ಡೊಂಬಿವಲಿ ಕನ್ನಡಿಗರ ಈ ಗುಂಪಿನಲ್ಲಿ ಬೇಗ ನೊಂದುಕೊಳ್ಳುವ ಸ್ನೇಹಿತರೂ ಇದ್ದಾರೆ, ಅವರನ್ನು "ಇಷ್ಟಕ್ಕೆಲ್ಲ ಬೇಜಾರಾ?" ಎಂದು ಕೇಳುವುದನ್ನು ದಯವಿಟ್ಟು ನಿಲ್ಲಿಸೋಣ. ಮನೋವಿಜ್ಞಾನಿಗಳಾದ ಎಲೇನ್ ಅರಾನ್ ಮತ್ತು ಆರ್ಥರ್ ಅರಾನ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಸೂಕ್ಷ್ಮತೆಯನ್ನು ಸ್ವಭಾವದ ಒಂದು ಗುಣವೆಂದೇ ವಿವರಿಸಿದ್ದಾರೆ. ಅದು ಕಾಯಿಲೆಯಲ್ಲ, ನಾಟಕವಂತೂ ಅಲ್ಲವೇ ಅಲ್ಲ.

ಯಾರದೋ ಉಚ್ಚಾರಣೆಯನ್ನೋ ಉಡುಪನ್ನೋ ಕುರಿತು ಇಲ್ಲಿ ತಮಾಷೆ ಬಂದಾಗ, ಅದರ ಕೆಳಗೆ ಸಾಲುಸಾಲಾಗಿ ನಗುವ ಇಮೋಜಿಗಳು ಬೀಳುತ್ತವೆ. ಹಾಕಿದವರು ತಮ್ಮ ಲೋಕಲ್ ರೈಲು ದಾದರ್ ತಲುಪುವಷ್ಟರಲ್ಲಿ ಅದನ್ನು ಮರೆತಿರುತ್ತಾರೆ. ಗುರಿಯಾದವರು ಮಾತ್ರ ರಾತ್ರಿ ಮಲಗುವ ಮುನ್ನವೂ ಆ ಸಾಲನ್ನು ತೆರೆದು ಓದುತ್ತಿರುತ್ತಾರೆ. ಆದ್ದರಿಂದ ಹೇಳಲೇಬೇಕಾದ ತಪ್ಪಿದ್ದರೆ ಖಾಸಗಿಯಾಗಿ, ಸಾಧ್ಯವಾದರೆ ಫೋನ್ ಮಾಡಿಯೇ ಹೇಳಿ, ಏಕೆಂದರೆ ಬರಹದಲ್ಲಿ ದನಿಯ ಮೃದುತ್ವ ತಿಳಿಯುವುದಿಲ್ಲ. ಹಾಗೆಂದು ಅವರಿಂದ ಸತ್ಯವನ್ನು ಮುಚ್ಚಿಡಬೇಕಿಲ್ಲ. ನೊಂದುಕೊಳ್ಳುತ್ತಾರೆಂದು ಕೂಟಗಳಿಗೆ ಕರೆಯದೆ ಬಿಡುವುದಂತೂ ನನ್ನ ದೃಷ್ಟಿಯಲ್ಲಿ ಆ ತಮಾಷೆಗಿಂತಲೂ ಕ್ರೂರ. ಕರೆಯಿರಿ, ಗದ್ದಲ ತಾಳದೆ ಬೇಗ ಹೊರಟರೆ ಕಾರಣ ಕೆದಕದೆ ಬೀಳ್ಕೊಡಿ.

ಅವರು ನೋವು ತೋಡಿಕೊಂಡಾಗ ಉಪದೇಶಕ್ಕೆ ಮೊದಲು ಪೂರ್ತಿ ಕೇಳಿಸಿಕೊಳ್ಳಿ. ದಿನಗಟ್ಟಲೆ ಊಟ, ನಿದ್ದೆ ಬಿಟ್ಟಿದ್ದರೆ ಅಥವಾ ಬದುಕೇ ಬೇಡವೆಂಬ ಮಾತು ಬಂದರೆ, ಅದನ್ನು ಸ್ವಭಾವವೆಂದು ತಳ್ಳಿಹಾಕದೆ ಜೊತೆಯಲ್ಲಿರಿ, ಮನೆಯವರಿಗೆ ತಿಳಿಸಿ, ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ, ಕರೆ ಮಾಡಿ. ಅದು ಹಗಲಿರುಳೂ ಲಭ್ಯವಿದ್ದು, ಭಾಷೆಯನ್ನು ಆರಿಸಿಕೊಳ್ಳುವ ಅವಕಾಶವೂ ಇದೆ.

ಇಂತಿ,
ಗುಂಪಿನ ಅಡ್ಮಿನ್