ನಾಣ್ಯ ಕೊಳ್ಳುವ ಮುನ್ನ: ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ, ನಮಸ್ಕಾರ.

ರಾಮ ಪಟ್ಟಾಭಿಷೇಕದ ಚಿತ್ರವಿರುವ, ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದು ಬರೆದ ಅರ್ಧ ಆಣೆಯನ್ನು ದಯವಿಟ್ಟು ಇನ್ನು ಮುಂದೆ ನಮ್ಮ ಈ ನಾಣ್ಯ ಸಂಗ್ರಾಹಕರ ಗುಂಪಿನಲ್ಲಿ ಮಾರಾಟಕ್ಕೆ ಹಾಕಬೇಡಿ. ಅದು ಕಂಪನಿಯ ನಾಣ್ಯವಲ್ಲ, ನಂತರದವರು ತಯಾರಿಸಿದ ಬಿಲ್ಲೆ. 1616, 1717 ಎಂಬ ಇಸವಿ ಹೊತ್ತವೂ ಅದೇ ಜಾತಿಯವು. ದೇವರ ಕೋಣೆಯಲ್ಲಿಟ್ಟು ಪೂಜಿಸುವವರ ಭಕ್ತಿಗೆ ನನ್ನ ಗೌರವವಿದೆ. ಆದರೆ ಅಕ್ಕಿಕಾಳನ್ನು ತನ್ನತ್ತ ಸೆಳೆಯುವ ಅದ್ಭುತ ಶಕ್ತಿ ಅದಕ್ಕಿದೆ ಎಂದು ನಂಬಿಸಿ ಲಕ್ಷಗಟ್ಟಲೆ ಕೇಳುವುದು ಶುದ್ಧ ವಂಚನೆ.

ಹೊಸ ಸ್ಮರಣಾರ್ಥ ನಾಣ್ಯಗಳ ವಿಷಯದಲ್ಲೂ ಎಚ್ಚರವಿರಲಿ. 2023ರಲ್ಲಿ ಹೊಸ ಸಂಸತ್ ಭವನಕ್ಕಾಗಿ ಬಂದ 75 ರೂಪಾಯಿಯ ನಾಣ್ಯದಲ್ಲಿ ಬೆಳ್ಳಿ ಶೇ 50 ಮಾತ್ರ. ಉಳಿದದ್ದು ತಾಮ್ರ ಶೇ 40, ನಿಕ್ಕಲ್ ಮತ್ತು ಸತು ತಲಾ ಶೇ 5. ತೂಕ ಸುಮಾರು 35 ಗ್ರಾಂ, ವ್ಯಾಸ 44 ಮಿಲಿಮೀಟರ್. ‘ಅಪ್ಪಟ ಬೆಳ್ಳಿ’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಚಿನ್ನದ ಲೇಪ, ಬಣ್ಣದ ಚಿತ್ರ ಹಚ್ಚಿದ ಚಲಾವಣೆಯ ನಾಣ್ಯಗಳಂತೂ ಸಂಗ್ರಾಹಕನ ದೃಷ್ಟಿಯಲ್ಲಿ ಕೆಟ್ಟುಹೋದ ನಾಣ್ಯಗಳೇ, ಪೆಟ್ಟಿಗೆ ಎಷ್ಟೇ ಚೆಂದವಿರಲಿ.

ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿ ನಾಣ್ಯಕ್ಕೆ ಲಕ್ಷ ಸಿಗುತ್ತದೆ ಎಂಬ ಸಂದೇಶವನ್ನು ಹಂಚಬೇಡಿ. ರಿಸರ್ವ್ ಬ್ಯಾಂಕ್ ಹಳೆಯ ನಾಣ್ಯಗಳನ್ನು ಕೊಳ್ಳುವ ವ್ಯವಹಾರ ನಡೆಸುವುದಿಲ್ಲ. ಅದರ ಹೆಸರಿನಲ್ಲಿ ಶುಲ್ಕ ಕೇಳುವವರ ಬಗ್ಗೆ 2021ರಲ್ಲಿ ಅದೇ ಎಚ್ಚರಿಸಿದೆ.

ಅನುಮಾನವಿದ್ದರೆ ದುಡ್ಡು ಕೊಡುವ ಮೊದಲು ಎರಡೂ ಬದಿಯ ಫೋಟೊ, ತೂಕ ಇಲ್ಲಿ ಹಾಕಿ. ಭಾನುವಾರ ಕದ್ರಿ ಪಾರ್ಕಿಗೆ ಬರುವವರು ನಾಣ್ಯವನ್ನೇ ತನ್ನಿ, ತಕ್ಕಡಿ ನಾನು ತರುತ್ತೇನೆ.