ಇನ್ನೊಂದು ರಿಲೇ ಹಾಕಿ ಅನ್ನುವ ಮುನ್ನ

ಮಾನ್ಯರೇ,

ಟ್ಯಾಂಕು, ಪಂಪುಗಳ ಮಾಹಿತಿ ತರುವ ಡೇಟಾ ರೇಡಿಯೊ ಜಾಲದಲ್ಲಿ ಸಿಗ್ನಲ್ ಸಿಗದಿದ್ದರೆ 'ಇನ್ನೊಂದು ರಿಲೇ (ಸಂದೇಶ ಹಿಡಿದು ಮುಂದಕ್ಕೆ ದಾಟಿಸುವ ನಡುವಿನ ರೇಡಿಯೊ) ಹಾಕಿಬಿಡಿ' ಅನ್ನುವುದು ರೂಢಿಯಾಗಿದೆ. ಇದೇ ಕೆಲಸ ಮಾಡುವವನು ನಾನು. ಈ ಮಾತು ಕೇಳಿದರೆ ತಲೆಬಿಸಿ ಆಗುತ್ತದೆ.

ಒಂದೇ ಫ್ರೀಕ್ವೆನ್ಸಿಯ ರಿಲೇ ಮೊದಲು ಪೂರ್ತಿ ಕೇಳಿಸಿಕೊಂಡು ಆಮೇಲೆ ಹೇಳುತ್ತದೆ. ಅಂದರೆ ಪ್ರತಿ ಸಂದೇಶವೂ ಗಾಳಿಯಲ್ಲಿ ಎರಡು ಸಲ ಹೋಗಬೇಕು. ವೇಗ ಹೆಚ್ಚುಕಮ್ಮಿ ಅರ್ಧ ಆಗುತ್ತದೆ. ಎಲ್ಲ ಕಡೆಯಿಂದ ಮಾಹಿತಿ ಕೇಳುವ ಮಾಸ್ಟರ್ ರೇಡಿಯೊದ ಟೈಮ್‌ಔಟ್ (ಉತ್ತರಕ್ಕೆ ಕಾಯುವ ಸಮಯ) ಜಾಸ್ತಿ ಮಾಡದಿದ್ದರಂತೂ ಕಥೆ ಮುಗಿಯಿತು. ಉತ್ತರ ಇನ್ನೂ ದಾರಿಯಲ್ಲಿರುವಾಗಲೇ ಅದು ಮತ್ತೆ ಕೇಳುತ್ತದೆ, ಎರಡೂ ಡಿಕ್ಕಿ ಹೊಡೆಯುತ್ತವೆ. ಬೈಗುಳ ಮಾತ್ರ ರೇಡಿಯೊಗೆ!

ಎರಡು ರಿಲೇಗಳು ಒಂದರ ಮಾತು ಒಂದಕ್ಕೆ ಕೇಳುವಂತಿದ್ದರೆ, ಯಾವ ವಿಳಾಸದ ಸಂದೇಶವನ್ನು ಯಾವುದು ದಾಟಿಸಬೇಕೆಂದು ಬರೆದಿಡಲೇಬೇಕು. ಇಲ್ಲದಿದ್ದರೆ ಒಂದೇ ಸಂದೇಶ ಸುಮ್ನೆ ಸುತ್ತುತ್ತಿರುತ್ತದೆ.

ಎಷ್ಟೋ ಕಡೆ ರಿಲೇಯೇ ಬೇಡ, ಆಂಟೆನಾ ಎತ್ತರಿಸಿದರೆ ಸಾಕು. ಕಣ್ಣಿಗೆ ಎದುರಿನ ಕಂಬ ಕಂಡರೆ ಸಾಲದು. 450 ಮೆಗಾಹರ್ಟ್ಸ್‌ನಲ್ಲಿ 10 ಕಿ.ಮೀ. ದೂರದ ಲಿಂಕಿಗೆ ನಡುಮಧ್ಯೆ ನೇರ ಗೆರೆಯ ಸುತ್ತ ಸುಮಾರು 24 ಮೀಟರ್ ಜಾಗ ತೆರವಿರಬೇಕು. ಮರ ಬೆಳೆಯುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಲ್ವಾ? ಟೆಂಡರ್ ಬರೆಯುವವರು ರಿಲೇ ಎಷ್ಟು ಅಂತ ನಮೂದಿಸುವ ಮೊದಲು ಸಿಗ್ನಲ್ ಸಾಗುವ ದಾರಿಯ ಸರ್ವೆ ಮಾಡಿಸಲಿ.

– ಒಬ್ಬ ರೇಡಿಯೊ ತಂತ್ರಜ್ಞ